ಬಾತುಕೋಳಿಯ ಹಿಂದಿನ ಗೋಲಿ

ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಜಲಜಾ ಗೊಂಬೆ ಮೆಟ್ಟಿಲಿನ ಬುಡದಲ್ಲಿ ಮಂಡಿಯೂರಿ ಕೂತು ಕೆರೆಯ ದಂಡೆಗೆ ಗೋಲಿ ಜೋಡಿಸುತ್ತಿದ್ದಳು. ಕೆರೆ ಎಂದರೆ ಹಳೆಯ ಬೀರುವಿನ ಕನ್ನಡಿ. ಅದರ ಸುತ್ತ ಮರಳು, ಮರಳಿನಾಚೆ ವಾರದ ಹಿಂದೆ ಬಿತ್ತಿದ್ದ ರಾಗಿಯ ಹಸಿರು, ಮಧ್ಯದಲ್ಲಿ ಕತ್ತು ಸೊಟ್ಟಗಾದ ಒಂದು ಪ್ಲಾಸ್ಟಿಕ್ ಬಾತುಕೋಳಿ. ಬಸವೇಶ್ವರನಗರದ ಈ ಮನೆಗೆ ಸೊಸೆಯಾಗಿ ಬಂದ ಮೂವತ್ತೆರಡು ವರ್ಷದಿಂದ ಪ್ರತಿ ನವರಾತ್ರಿಗೂ ಈ ಕೆರೆ ಕಟ್ಟುವವಳು ಅವಳೇ. ಮೇಲಿನ ಮೆಟ್ಟಿಲುಗಳಲ್ಲಿದ್ದ ರಾಜ, ರಾಣಿ, ದಶಾವತಾರ, ಹೊಟ್ಟೆ ಬಿಟ್ಟುಕೊಂಡು ಕೂತ ಶೆಟ್ಟಿ ಮತ್ತವನ ಹೆಂಡತಿ ಎಲ್ಲರೂ ಅತ್ತೆಯ ಕಾಲದವರು. ಗೋಲಿಗಳು ಮಾತ್ರ ಜಲಜಾಳವು. ತವರಿಂದ ಹಾರ್ಲಿಕ್ಸ್ ಬಾಟಲಿಯಲ್ಲಿ ತಂದಿದ್ದಳು. ಹೊಸ ಸೊಸೆಯ ಟ್ರಂಕಿನಿಂದ ಗೋಲಿ ಹೊರಬಿದ್ದಾಗ ಅತ್ತೆಯ ಹುಬ್ಬು ಮೇಲೇರಿತ್ತು; ಅದು ಪೂರ್ತಿ ಏರುವ ಮೊದಲೇ "ಗೊಂಬೆ ಕೆರೆಗೆ ಅಂತ ತಂದೆ ಅತ್ತೆ" ಎಂದುಬಿಟ್ಟಿದ್ದಳು. ಅವತ್ತಿನಿಂದ ಅವು ಕೆರೆಯ ಆಸ್ತಿ.

ಇಪ್ಪತ್ತೆರಡನೆಯದು ಉಳಿದವುಗಳಿಗಿಂತ ದೊಡ್ಡದು. ಗಾಜಿನೊಳಗೆ ಬಿಳಿ ನೂಲಿನ ಜಾಲ, ಅದರ ಸುತ್ತ ಕೆಂಪು ನೀಲಿ ಪಟ್ಟಿಗಳು ಜಡೆಯ ಹಾಗೆ ಹೆಣೆದುಕೊಂಡಿದ್ದವು. ಅದನ್ನು ಅವಳು ಯಾವಾಗಲೂ ಬಾತುಕೋಳಿಯ ಹಿಂದೆ, ಒಂದು ಚಿಟಿಕೆ ಮರಳಿನ ಗುಪ್ಪೆಯ ಮೇಲೆ ಇಡುತ್ತಿದ್ದಳು. ನಿಂತು ನೋಡುವವರಿಗೆ ಕಾಣದು. ಮಂಡಿಯೂರಿ ಕೂತವರಿಗೆ ಮಾತ್ರ ಕಾಣುತ್ತದೆ. ಈ ಮನೆಯಲ್ಲಿ ನೆಲದ ಮೇಲೆ ಮಂಡಿಯೂರುವ ಕೆಲಸ ಬೇರೆ ಯಾರಿಗೂ ಇರಲಿಲ್ಲ.

ಆದರೆ ಈ ವರ್ಷ ಅವಳ ಗಂಡ ಗೋಪೀನಾಥ ರಿಟೈರಾಗಿದ್ದ.

ಸರ್ಕಾರಿ ಇಲಾಖೆಯೊಂದರಲ್ಲಿ ಮೂವತ್ತೈದು ವರ್ಷ ಫೈಲು ಕಟ್ಟಿದ ಮನುಷ್ಯ. ಈಗ ಕಟ್ಟಲು ಏನೂ ಇಲ್ಲದೆ ಬೆಳಗಿನಿಂದ ಸಂಜೆಯವರೆಗೆ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದ. ಹಾವಿನ ವಿಡಿಯೋ ನೋಡಿದ ದಿನ ಮನೆಯ ಮೂಲೆಗಳಿಗೆಲ್ಲ ಟಾರ್ಚು ಬಿಡುತ್ತಿದ್ದ, ಮಂಡಿನೋವಿನ ವಿಡಿಯೋ ನೋಡಿದ ದಿನ ಕುಂಟುತ್ತಿದ್ದ. ಆ ದಿನ ಯಾವ ಗ್ರಹಚಾರಕ್ಕೋ ಹಳೆಯ ಗೋಲಿಗಳ ವಿಡಿಯೋ ಸಿಕ್ಕಿತ್ತು.

"ಜಲಜಾ, ಕೇಳಿಲ್ಲಿ. ಜರ್ಮನಿಯಲ್ಲಿ ನೂರೈವತ್ತು ವರ್ಷದ ಹಿಂದೆ ಗೋಲೀನ ಕೈಯಲ್ಲೇ ಮಾಡ್ತಿದ್ರಂತೆ. ಗಾಜಿನ ಕಡ್ಡಿ ಕಾಯಿಸಿ ಕತ್ತರೀಲಿ ಕತ್ತರಿಸೋದಂತೆ. ಅದಕ್ಕೇ ಮೇಲೊಂದು ಕೆಳಗೊಂದು ಒರಟು ಗುರುತು ಉಳಿಯತ್ತಂತೆ. ಎಲ್ಲಿ, ನಮ್ಮದು ತೋರಿಸು!"

"ನಮ್ಮದು ಸೋಡಾ ಬಾಟ್ಲಿ ಗೋಲಿ ರೀ. ಸುಮ್ನಿರಿ, ರಾಗಿ ಪೈರು ತುಳೀತೀರ."

ಗೋಪೀನಾಥ ಸುಮ್ಮನಿರಲಿಲ್ಲ. ಒಂದೊಂದೇ ಗೋಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಬಾಗಿದ, ಇನ್ನೂ ಬಾಗಿದ, ಕೊನೆಗೆ ಬಾತುಕೋಳಿಯ ಹಿಂದಕ್ಕೇ ಕೈಹಾಕಿದ. ಹೆಬ್ಬೆರಳಿಂದ ತಡವಿದ. ಮೇಲೊಂದು ಗುರುತು. ತಿರುಗಿಸಿದ. ಕೆಳಗೊಂದು ಗುರುತು.

"ಜರ್ಮನಿ!" ಎಂದು ಕೂಗಿದ. ಪಕ್ಕದ ಮನೆಯ ನಾಯಿ ಬೊಗಳಿತು.

"ರೀ, ಅದು ನಂದು. ಚಿಕ್ಕೋಳಿದ್ದಾಗ ನಾನು..."

"ನಿಂದು ಅಂದ್ರೆ ನಮ್ದು ತಾನೆ?" ಅಷ್ಟರಲ್ಲಿ ಅವನು ಕನ್ನಡಕ ಹುಡುಕಲು ಹೋಗಿಯಾಗಿತ್ತು. ಅಲ್ಲಿಂದಲೇ ದನಿ ಬಂತು. "ತಾತಂದೇ ಇರ್ಬೇಕು ಕಣೇ. ಇನ್ಯಾರದ್ದಿರತ್ತೆ?"

ಗೋಪೀನಾಥನ ಲೆಕ್ಕ ಸರಳವಾಗಿತ್ತು. ಈ ಮನೆಯಲ್ಲಿ ರಸೀದಿ ಇಲ್ಲದ ಪ್ರತಿಯೊಂದು ವಸ್ತುವೂ ತಾತನದು. ಆ ತಾತ ಗುಬ್ಬಿಯ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಗೋಲಿಯಾಡುವ ಹುಡುಗರನ್ನು ಹುಣಸೆ ಬರಲು ಹಿಡಿದು ಮೂರು ಬೀದಿ ಅಟ್ಟಿಸಿಕೊಂಡು ಹೋಗಿ ಹೊಡೆಯುತ್ತಿದ್ದರೆಂದು ಮನೆಯಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಿದ್ದರು. ಮೊಮ್ಮಗ ಈಗ ಅದೇ ತಾತನ ಕೈಗೆ ಗೋಲಿ ಕೊಟ್ಟುಬಿಟ್ಟಿದ್ದ.

ಇಷ್ಟೆಲ್ಲ ಉತ್ಸಾಹಕ್ಕೆ ಕಾರಣ ಎದುರುಮನೆಯ ಪುರುಷೋತ್ತಮ. ಬಡಾವಣೆಯ ಸಂಘದವರು ಪ್ರತಿ ದಸರೆಗೆ ಗೊಂಬೆ ಸ್ಪರ್ಧೆ ಇಡುತ್ತಿದ್ದರು. 'ಪಾರಂಪರಿಕ' ವಿಭಾಗದಲ್ಲಿ ಮೂರು ವರ್ಷದಿಂದ ಗೆಲ್ಲುತ್ತಿದ್ದುದು ಪುರುಷೋತ್ತಮನ ಮರದ ಪಟ್ಟದ ಗೊಂಬೆ. ತನ್ನ ಮುತ್ತಾತನಿಗೆ ಅರಮನೆಯಿಂದ ಬಂದದ್ದೆಂದು ಅವನು ಹೇಳುತ್ತಿದ್ದ. ಬೆಳಿಗ್ಗೆ ಹಾಲು ತರಲು ಹೋದಾಗಲೂ ಹೇಳುತ್ತಿದ್ದ.

ಮರುದಿನ ಕೆರೆಯ ಮುಂದೆ ಒಂದು ಕಾರ್ಡು ಎದ್ದಿತು. ಗೋಪೀನಾಥ ದಪ್ಪ ಅಕ್ಷರದಲ್ಲಿ ಬರೆದಿದ್ದ: 'ನಮ್ಮ ಪೂಜ್ಯ ಪಿತಾಮಹರು ಬಾಲ್ಯದಲ್ಲಿ ಬಳಸುತ್ತಿದ್ದ ಜರ್ಮನಿ ದೇಶದ ಗೋಲಿ. ದಯವಿಟ್ಟು ಮುಟ್ಟಬಾರದು.' ಬಾತುಕೋಳಿಗೆ ಹಿಂದಕ್ಕೆ ವರ್ಗವಾಯಿತು. ಗೋಲಿ ಮುಂದೆ ಬಂದು, ಕುಂಕುಮದ ಭರಣಿಯ ಮುಚ್ಚಳದ ಮೇಲೆ ವಿರಾಜಮಾನವಾಯಿತು.

ಗೊಂಬೆ ನೋಡಲು ಹೆಂಗಸರು ಬಂದರು. ಮೊದಲು ಬಂದವಳು ಮೂರನೇ ಮನೆಯ ವರಲಕ್ಷ್ಮಿ. ಅವಳಿಗೆ ಒಂದು ಸಂಗತಿ ಹೇಳಿದರೆ ಸಾಕು, ಬಸವೇಶ್ವರನಗರದಲ್ಲಿ ಮೈಕು ಕಟ್ಟುವುದು ಬೇಡ.

"ಅಯ್ಯೋ ಜಲಜಾ, ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ವಲ್ಲೇ ನೀನು! ಜರ್ಮನಿ ಗೋಲಿ ಇಟ್ಕೊಂಡು ನಮಗೆ ಬರೀ ಕೋಸಂಬರಿ ಕೊಟ್ಟು ಕಳಿಸ್ತಿದ್ಯಾ?"

"ಅದು ಹಾಗಲ್ಲ ವರಲಕ್ಷ್ಮಿ, ಅದು ನಂದು..."

"ಸೊಸೆ ಅಂದ್ಮೇಲೆ ಮನೆಯೆಲ್ಲಾ ನಿಂದೇ ತಾನೆ, ಇನ್ನೇನು!" ಎಂದ ವರಲಕ್ಷ್ಮಿ, 'ಮುಟ್ಟಬಾರದು' ಎಂಬುದನ್ನು ಓದಿದ ಮೇಲೆಯೇ ಗೋಲಿಗೊಂದು ಕುಂಕುಮ ಇಟ್ಟು ಕಣ್ಣಿಗೊತ್ತಿಕೊಂಡಳು. ಅವಳ ಹಿಂದೆ ಬಂದವರು ಕುಂಕುಮ ಇದ್ದುದನ್ನು ನೋಡಿ ಅಕ್ಷತೆ ಹಾಕಿದರು. ಅಕ್ಷತೆ ನೋಡಿದವರು ಹೂವಿಟ್ಟರು. ಸಂಜೆಯ ಹೊತ್ತಿಗೆ ತಾತ ಗುಬ್ಬಿಯಿಂದ ಮೈಸೂರಿಗೆ ಬಂದು ಅರಮನೆಯ ಅಂಗಳದಲ್ಲಿ ರಾಜಕುಮಾರನ ಜೊತೆ ಗೋಲಿಯಾಡುತ್ತಿದ್ದರು. ಮರುದಿನ ಗೆದ್ದೂ ಬಿಟ್ಟಿದ್ದರು. ಗರ್ಭಿಣಿಯರು ನೋಡಬಹುದೋ ಎಂದು ಯಾರೋ ಫೋನು ಮಾಡಿ ಕೇಳಿದರು. ಗೋಪೀನಾಥ ಗಂಭೀರವಾಗಿ, "ಐದನೇ ತಿಂಗಳ ಮೇಲೆ ತೊಂದ್ರೆ ಇಲ್ಲ" ಎಂದ.

ಜಲಜಾ ಅಡಿಗೆಮನೆಯಲ್ಲಿ ಹೆಸರುಬೇಳೆ ಬಸಿಯುತ್ತ ಎಲ್ಲ ಕೇಳಿಸಿಕೊಂಡಳು.

ಅವಳು ಆ ಗೋಲಿಯನ್ನು ಗೆದ್ದದ್ದು ತವರಿನ ಕಡೆ, ಮಾರೇನಹಳ್ಳಿಯ ಒಂದು ಮಣ್ಣಿನ ಗಲ್ಲಿಯಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ. ಸೋತವನು ಮುರುಗೇಶ್. ಅವನ ತಾತ ದಂಡಿನ ಕಡೆಯ ಯಾವುದೋ ಬಂಗಲೆಯಲ್ಲಿ ತೋಟದ ಕೆಲಸಕ್ಕಿದ್ದವನು. ಬ್ರಿಟಿಷ್ ದೊರೆಗಳು ಊರು ಬಿಡುವಾಗ ಬಿಟ್ಟುಹೋದ ಆಟಿಕೆಗಳಲ್ಲಿ ಆ ಗೋಲಿ ಒಂದು. ಮುರುಗೇಶ್ ಅದನ್ನು ಪಣಕ್ಕೆ ಇಡುತ್ತಲೇ ಇರಲಿಲ್ಲ. ಅವತ್ತು ಉಳಿದದ್ದನ್ನೆಲ್ಲ ಸೋತ ಮೇಲೆ ಇಟ್ಟ. ಜಲಜಾ ಲಂಗ ಮಂಡಿಗೆ ಸಿಕ್ಕಿಸಿಕೊಂಡು, ಒಂಬತ್ತು ಹೆಜ್ಜೆ ದೂರದಿಂದ ಹೊಡೆದಳು. ಟಪ್ ಎಂದ ಆ ಸದ್ದು ಈಗಲೂ ಅವಳ ಬೆರಳ ತುದಿಯಲ್ಲಿತ್ತು. ಮುರುಗೇಶ್ ಅಳಲಿಲ್ಲ, ಮೂಗು ಮಾತ್ರ ಕೆಂಪಾಯಿತು.

"ನಾಳೆ ವಾಪಸ್ ಗೆಲ್ಕೋತೀನಿ. ಚಾನ್ಸ್ ಕೊಡ್ತೀಯ ತಾನೆ?"

"ಕೊಡ್ತೀನಿ ಕಣೋ. ಬಾ ನಾಳೆ."

ಮರುದಿನ ಬೆಳಿಗ್ಗೆ ಜಲಜಾ ಒಳಕೋಣೆಯ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಕೈಯಲ್ಲಿ ಎಳ್ಳಿನ ಚಿಗಳಿ, ತಲೆತುಂಬ ಹೂವು, ಸುತ್ತ ಸೋದರತ್ತೆಯರು. ಹುಡುಗಿ ದೊಡ್ಡವಳಾದಳೆಂದು ಎಲ್ಲರಿಗೂ ಸಂಭ್ರಮ. ಕಿಟಕಿಯಿಂದ ನೋಡಿದರೆ ಗಲ್ಲಿಯಲ್ಲಿ ಗುಂಡಿಯ ಪಕ್ಕ ಮುರುಗೇಶ್ ಕೈಯಲ್ಲಿ ನಾಲ್ಕು ಗೋಲಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಮೂರು ದಿನ ಬಂದ. ಹನ್ನೊಂದನೇ ದಿನ ಜಲಜಾಳಿಗೆ ದಾವಣಿ ಉಡಿಸಿದರು, ಗಲ್ಲಿ ಮುಗಿಯಿತು.

ಈಗ ಮಾರೇನಹಳ್ಳಿ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ಒಂದು ಬೋರ್ಡು ಕಾಣುತ್ತದೆ: 'ಮುರುಗೇಶ್ ಸೈಕಲ್ ವರ್ಕ್ಸ್'. ತಲೆ ಬೆಳ್ಳಗಾದ ಒಬ್ಬ ಹೊಂಗೆಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಟ್ಯೂಬು ನೀರಿಗದ್ದುತ್ತಿರುತ್ತಾನೆ. ಆ ಕೂರುವ ಭಂಗಿ ಬದಲಾಗಿಲ್ಲ. ಬಸ್ಸು ನಿಲ್ಲುವುದು ಅರ್ಧ ನಿಮಿಷ. ಅಷ್ಟರಲ್ಲಿ ಜಲಜಾ ಯಾವಾಗಲೂ ಬ್ಯಾಗಿನಲ್ಲಿ ಏನಾದರೂ ಹುಡುಕುತ್ತಿರುತ್ತಾಳೆ.

ನಾಲ್ಕನೇ ದಿನ ಪುರುಷೋತ್ತಮ ಯುದ್ಧಕ್ಕೆ ಬಂದ. ಅವನ ಪಟ್ಟದ ಗೊಂಬೆಯನ್ನು ನೋಡಲು ಎರಡು ದಿನದಿಂದ ಒಂದು ನರಪಿಳ್ಳೆಯೂ ಹೋಗಿರಲಿಲ್ಲ.

"ಏನ್ರೀ ಗೋಪೀನಾಥ್, ಸೋಡಾ ಬಾಟ್ಲಿ ಒಡೆದು ತೆಗೆದ ಗೋಲಿಗೆ ಮಂಗಳಾರತಿ ಎತ್ತಿಸ್ತಿದೀರಂತೆ?"

"ಸೋಡಾ ನಿಮ್ಮ ಮುತ್ತಾತ ಕುಡೀತಿದ್ರೇನೋ. ನಮ್ಮ ತಾತ ಬರೀ ಕಷಾಯ."

"ಕಷಾಯ ಕುಡಿಯೋರು ರಾಜಕುಮಾರನ ಜೊತೆ ಗೋಲಿ ಆಡ್ತಿದ್ರಾ?"

"ಕಷಾಯ ಕುಡಿದೇ ಗೆದ್ದಿದ್ದು!"

ಇಬ್ಬರ ನಡುವೆ ಸಂಘದ ಅಧ್ಯಕ್ಷ ಮಡಿವಾಳಪ್ಪನವರನ್ನು ಕರೆಸಬೇಕಾಯಿತು. ಅವರು ಬೀದಿದೀಪ, ಕಸದ ಗಾಡಿ, ನಾಯಿ ಕಾಟ ಎಲ್ಲವನ್ನೂ ಒಂದೇ ದನಿಯಲ್ಲಿ ಪರಿಹರಿಸುವವರು. ಕೋಸಂಬರಿ ತಿನ್ನುತ್ತ ಎರಡೂ ಕಡೆಯ ವಾದ ಕೇಳಿ ತೀರ್ಪು ಕೊಟ್ಟರು.

"ನೋಡಿ, ಹಳೇ ಆಟಿಕೆ ಬಗ್ಗೆ ಓದಿರೋ ಹುಡುಗಿ ಒಬ್ಬಳಿದಾಳೆ, ರಾಜರಾಜೇಶ್ವರಿನಗರದಲ್ಲಿ. ಭಾನುವಾರ ಕರೆಸ್ತೀನಿ. ಸೋಡಾ ಗೋಲಿ ಅಂದ್ರೆ ಕಾರ್ಡು ಕಿತ್ತು ಹಾಕೋದು. ನಿಜವಾದದ್ದು ಅಂದ್ರೆ ಈ ಸಲದ ಬಹುಮಾನ ಗೋಪೀನಾಥ್ ಅವರಿಗೆ. ಗೋಲೀನ ಸಂಘದ ವಾಚನಾಲಯದಲ್ಲಿ ಗಾಜಿನ ಪೆಟ್ಟಿಗೇಲಿ ಇಡೋಣ. ಕೆಳಗೆ ತಾತನವರ ಹೆಸರು, ಹಿತ್ತಾಳೆ ಫಲಕದಲ್ಲಿ. ಖಾಯಂ. ಕೊಡ್ತೀರಾ?"

ಹಿತ್ತಾಳೆ ಎಂಬ ಶಬ್ದ ಕೇಳಿ ಗೋಪೀನಾಥನ ಕಣ್ಣಲ್ಲಿ ನೀರಾಡಿತು. "ಕೊಟ್ಟೆ" ಎಂದ. ಕನ್ಯಾದಾನ ಮಾಡುವ ಹಾಗೆ ಕೈ ಚಾಚಿಯೇ ಹೇಳಿದ.

ಒಳಗೆ ಜಲಜಾ ಒಗ್ಗರಣೆಯ ಒಲೆ ಆರಿಸಿದಳು. ಎಲ್ಲರೂ ಹೋದ ಮೇಲೆ ಗಂಡನ ಎದುರು ನಿಂತಳು.

"ರೀ, ಅದನ್ನ ಕೊಡಬೇಡಿ. ಅದು ನಾನು ಆಡಿ ಗೆದ್ದದ್ದು."

ಗೋಪೀನಾಥ ಮೊದಲ ಬಾರಿಗೆ ಪೂರ್ತಿ ವಾಕ್ಯ ಕೇಳಿಸಿಕೊಂಡ. ನಂತರ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನು? ಗೋಲಿ? ಒಂದು ಸೂಜಿ ಬಿದ್ರೆ ಬಗ್ಗಿ ಎತ್ತೋಕೆ ಅಯ್ಯಪ್ಪಾ ಅಂತೀಯ! ನಾಡಿದ್ದು ಆ ಹುಡುಗಿ ಮುಂದೆ ಈ ತಮಾಷೆ ಮಾಡ್ಬೇಡ ಮತ್ತೆ."

ಭಾನುವಾರ ಹನ್ನೊಂದು ಗಂಟೆಗೆ ಮೆಟ್ರೋ ಇಳಿದು, ಆಟೋ ಹತ್ತಿ ಸ್ಮೃತಿ ಬಂದಳು. ಜೀನ್ಸು, ಹೆಗಲಿಗೊಂದು ಚೀಲ, ಅದರಲ್ಲಿ ಭೂತಗನ್ನಡಿ. ಹಾಲಿನಲ್ಲಿ ಜಾಗವಿಲ್ಲದೆ ಜನ ಬಾಗಿಲಾಚೆಯೂ ನಿಂತಿದ್ದರು. ಅವಳು ಮಾಡಿದ ಮೊದಲ ಕೆಲಸ ಎಂದರೆ ಮೆಟ್ಟಿಲಿನ ಬುಡದಲ್ಲಿ ಮಂಡಿಯೂರಿ ಕೂತದ್ದು. ಕಾಫಿ ತಟ್ಟೆ ಹಿಡಿದು ನಿಂತಿದ್ದ ಜಲಜಾಳಿಗೆ ಅಲ್ಲೇ ಅವಳ ಮೇಲೆ ಒಂದು ಬಗೆಯ ವಿಶ್ವಾಸ ಹುಟ್ಟಿತು.

"ಮೊದಲು ಕಲ್ಲಿನ ಗೋಲಿ ಇದ್ವು ಸಾರ್, ಆಮೇಲೆ ಸುಟ್ಟ ಮಣ್ಣಿನವು," ಎನ್ನುತ್ತ ಸ್ಮೃತಿ ಕುಂಕುಮ ಒರೆಸಿದಳು. "ಗಾಜು ಎಷ್ಟೋ ಕಾಲದ ಮೇಲೆ ಬಂತು. ಜರ್ಮನಿಯಲ್ಲಿ ಒಬ್ಬರು ಗಾಜಿನ ಕೆಲಸದವರು ತುದಿಯಲ್ಲಿ ಪುಟ್ಟ ಬಟ್ಟಲಿರೋ ಒಂದು ಕತ್ತರಿ ಮಾಡಿದ್ರು. ಬಿಸಿ ಕಡ್ಡೀನ ಅದರಲ್ಲಿ ತಿರುಗಿಸಿ ತಿರುಗಿಸಿ ಕತ್ತರಿಸೋದು. ಆಮೇಲೆ ಮೆಷಿನ್ ಬಂತು, ಕತ್ತರಿ ಗುರುತು ಹೋಯ್ತು." ಭೂತಗನ್ನಡಿಯೊಳಗೆ ಅವಳ ಕಣ್ಣು ದೋಸೆಯಷ್ಟಾಯಿತು. "ಇಲ್ಲೊಂದಿದೆ. ಇಲ್ಲೂ ಇದೆ. ಇದು ಕೈಯಲ್ಲಿ ಮಾಡಿದ್ದೇ."

ಹಾಲಿನಲ್ಲಿ ಚಪ್ಪಾಳೆ ಬಿತ್ತು. ಪುರುಷೋತ್ತಮ ಕುರ್ಚಿಯಲ್ಲಿ ಎರಡಿಂಚು ಇಳಿದ.

"ಆದ್ರೆ ಇನ್ನೊಂದಿದೆ ನೋಡಿ. ಮೈಮೇಲೆಲ್ಲ ಸಣ್ಣ ಸಣ್ಣ ಅರ್ಧಚಂದ್ರ. ಇವು ಏಟಿನ ಗುರುತು. ಇದು ಶೋಕೇಸಲ್ಲಿ ಕೂತಿದ್ದ ಗೋಲಿ ಅಲ್ಲ, ಆಡಿದ ಗೋಲಿ. ಆಡಿದೋರು ಯಾರು?"

ಎಲ್ಲರ ಕಣ್ಣೂ ಗೋಪೀನಾಥನ ಮೇಲೆ. ಅವನು ಗಂಟಲು ಸರಿಮಾಡಿಕೊಂಡ. "ಮೊದಲು ತಾತ. ಆಮೇಲೆ ಅಪ್ಪ. ಆಮೇಲೆ ನಾನೇ."

ಪುರುಷೋತ್ತಮ ಇಳಿದ ಎರಡಿಂಚನ್ನು ಥಟ್ಟನೆ ಹತ್ತಿದ. "ಹೌದಾ? ಹಾಗಾದ್ರೆ ಒಂದೇ ಒಂದು ಏಟು ಹೊಡೆದು ತೋರಿಸಿಬಿಡಿ, ನಮ್ಮ ಕಣ್ಣೂ ತಂಪಾಗ್ಲಿ."

"ಬೇಡ ಸಾರ್, ಒಡೆದುಹೋಗತ್ತೆ" ಎಂದು ಸ್ಮೃತಿ ಹೇಳುವಷ್ಟರಲ್ಲಿ ಗೋಪೀನಾಥ ಪಂಚೆ ಮೇಲೆ ಕಟ್ಟಿಯಾಗಿತ್ತು. ಬದುಕಿನಲ್ಲಿ ಒಮ್ಮೆಯೂ ಗೋಲಿ ಹಿಡಿಯದ ಆ ಕೈ ಅದನ್ನು ಹೋಮಿಯೋಪತಿ ಗುಳಿಗೆಯ ಹಾಗೆ ಹಿಡಿಯಿತು. ಹಾಗೆ ಆಗದೆಂದು ತಿಳಿದು ನೆಲಕ್ಕಿಟ್ಟು, ಕೇರಂ ಸ್ಟ್ರೈಕರ್ ಹೊಡೆಯುವ ಹಾಗೆ ಉಗುರಿನಿಂದ ಚಿಮ್ಮಿದ.

ಗೋಲಿ ಮುಂದಕ್ಕೆ ಹೋಗಲಿಲ್ಲ. ಅಡ್ಡಲಾಗಿ ಹಾರಿತು, ಕೆಳ ಮೆಟ್ಟಿಲಿನ ಶೆಟ್ಟಿಯ ಹೊಟ್ಟೆಗೆ ಠಣ್ಣೆಂದು ಬಡಿಯಿತು, ಶೆಟ್ಟಿ ಹೆಂಡತಿಯ ಮೇಲೆ ಒರಗಿದ, ಇಬ್ಬರೂ ರಾಗಿ ಪೈರಿನೊಳಗೆ ಬಿದ್ದರು. ಅಲ್ಲಿಂದ ಗೋಲಿ ಎಲ್ಲಿಗೆ ಹೋಯಿತೆಂದು ಯಾರೂ ಕಾಣಲಿಲ್ಲ.

"ಯಾರೂ ಕಾಲು ಎತ್ತಬೇಡಿ!" ಮಡಿವಾಳಪ್ಪನವರು ಗರ್ಜಿಸಿದರು. "ಎಲ್ರೂ ಬಗ್ಗಿ!"

ಬಸವೇಶ್ವರನಗರದ ಗಣ್ಯರು ನೆಲಕ್ಕಿಳಿದರು. ಮಡಿವಾಳಪ್ಪನವರ ತಲೆ ಸೋಫಾದ ಕೆಳಗೆ ಹೋಯಿತು, ಉಳಿದದ್ದು ಹೊರಗೆ ಉಳಿಯಿತು. ಪುರುಷೋತ್ತಮ ಟಿವಿ ಸ್ಟ್ಯಾಂಡಿನ ಹಿಂದೆ, ವರಲಕ್ಷ್ಮಿ ಚಪ್ಪಲಿಗಳ ರಾಶಿಯಲ್ಲಿ. ಗೋಪೀನಾಥ ನಾಲ್ಕು ಕಾಲಲ್ಲಿ ತೆವಳುತ್ತ "ತಾತಾ, ತಾತಾ" ಎನ್ನುತ್ತಿದ್ದ.

ನಿಂತಿದ್ದವಳು ಜಲಜಾ ಒಬ್ಬಳೇ, ಕಾಫಿ ತಟ್ಟೆ ಹಿಡಿದು. ಅವಳ ಬಲಗಾಲಿನ ಅಂಗಾಲಿನ ಕೆಳಗೆ, ಸೀರೆಯ ನೆರಿಗೆಯ ಮರೆಯಲ್ಲಿ, ತಣ್ಣಗೆ, ಗುಂಡಗೆ ಏನೋ ಒಂದು ಇತ್ತು.

ಉರುಳಿ ಬಂದ ಗೋಲಿಯನ್ನು ಲಂಗದ ಅಂಚಿನಡಿ ಮೆಟ್ಟಿ ಹಿಡಿಯುವ ವಿದ್ಯೆ ಅವಳು ಹತ್ತನೇ ವಯಸ್ಸಿಗೇ ಕಲಿತದ್ದು. ಈಗ ಕಾಲು ತನ್ನ ಪಾಡಿಗೆ ತಾನು ಮೆಟ್ಟಿತ್ತು, ಅವಳನ್ನು ಕೇಳಿರಲಿಲ್ಲ. ಕಾಲೆತ್ತಿ "ಇಲ್ಲಿದೆ" ಎನ್ನಬೇಕು. ಎಂದರೆ ಗಾಜಿನ ಪೆಟ್ಟಿಗೆ, ಹಿತ್ತಾಳೆ, ಗುಬ್ಬಿ ಮೇಷ್ಟರ ಹೆಸರು. ಖಾಯಂ.

ಜಲಜಾ ಮೆಲ್ಲಗೆ ತಟ್ಟೆಯನ್ನು ನೆಲಕ್ಕಿಟ್ಟಳು. ಮಂಡಿ ಎರಡೂ ಲಟಲಟ ಎಂದವು, ಆದರೂ ಮಡಚಿಕೊಂಡವು. ಕಾಲು ಕದಲಿಸದೆ ಕೆರೆಯ ದಂಡೆಯಿಂದ ಒಂದು ಸೋಡಾ ಗೋಲಿ ಎತ್ತಿಕೊಂಡಳು. ಎಡಗೈ ಹೆಬ್ಬೆರಳು ನೆಲಕ್ಕೂರಿತು, ನಡುಬೆರಳ ತುದಿಗೆ ಗೋಲಿ ಕೂತಿತು, ಬಲಗೈ ಆ ಬೆರಳನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಎಳೆಯಿತು. ಸೋಫಾದ ಕೆಳಗೆ ಮಡಿವಾಳಪ್ಪನವರ ಅಂಗೈ ಅಗಲವಾಗಿ ತೆರೆದು ತಡಕಾಡುತ್ತಿತ್ತು. ನಡುವೆ ಟೀಪಾಯಿಯ ಕಾಲುಗಳು, ಒಂದು ಮೊಣಕೈ, ಗೋಪೀನಾಥನ ಹಿಮ್ಮಡಿ.

ಬಿಟ್ಟಳು.

ಗೋಲಿ ಟೀಪಾಯಿಯ ಎರಡು ಕಾಲುಗಳ ನಡುವೆ ನುಗ್ಗಿ, ಮೊಣಕೈಯನ್ನು ಕೂದಲೆಳೆಯಲ್ಲಿ ದಾಟಿ, ಅಧ್ಯಕ್ಷರ ಅಂಗೈಗೆ ಹೋಗಿ ಕೂತಿತು. ನಲವತ್ತಮೂರು ವರ್ಷದ ಮೇಲೆ ಅವಳು ಹೊಡೆದ ಮೊದಲ ಏಟು, ಆ ಬಡಾವಣೆಯಲ್ಲೇ ಬಿದ್ದಿರದಂಥದ್ದು. ಯಾರೂ ನೋಡಲಿಲ್ಲ.

"ಸಿಕ್ತು!" ಸೋಫಾ ಅಲುಗಾಡಿತು. "ಸಿಕ್ತು ಕಣ್ರೀ! ನನ್ನ ಕೈಗೇ ಬಂತು!"

ಗೋಪೀನಾಥ ಅದನ್ನು ಕಿತ್ತುಕೊಂಡು ಎದೆಗೊತ್ತಿಕೊಂಡ. "ಇದೇ! ಹುಟ್ಟಿದಾಗಿನಿಂದ ನೋಡಿದೀನಿ, ನನಗೆ ಗೊತ್ತಾಗಲ್ವಾ? ಇದೇ!"

ಬಾಟಲಿ ಬಣ್ಣದ, ಒಳಗೆ ಏನೂ ಇಲ್ಲದ ಆ ಗೋಲಿಯನ್ನು ಸ್ಮೃತಿ ಕೈಗೆ ತೆಗೆದುಕೊಂಡಳು. ಭೂತಗನ್ನಡಿ ಬೇಕಾಗಲಿಲ್ಲ. ಒಮ್ಮೆ ಗೋಪೀನಾಥನ ಒದ್ದೆ ಕಣ್ಣು ನೋಡಿದಳು. ಕೆರೆಯ ದಂಡೆಯಲ್ಲಿ ಹೊಸದಾಗಿ ಬಿದ್ದಿದ್ದ ಕುಳಿ ನೋಡಿದಳು. ನಿಧಾನವಾಗಿ ಮೇಲೇಳುತ್ತಿದ್ದ ಜಲಜಾಳ ಎಡಗೈ ಹೆಬ್ಬೆರಳಿಗೆ ಅಂಟಿದ್ದ ಧೂಳನ್ನೂ ನೋಡಿದಳು.

"ಫಲಕದಲ್ಲಿ ಏನಂತ ಬರೆಯೋಣ ಮೇಡಂ?" ಮಡಿವಾಳಪ್ಪನವರು ಕೇಳಿದರು.

"'ಗಾಜಿನ ಗೋಲಿ' ಅಂತ ಬರೀರಿ ಸಾರ್. ಅಷ್ಟು ಖಂಡಿತ ನಿಜ." ತಟ್ಟೆಯಿಂದ ಲೋಟ ಎತ್ತಿಕೊಂಡಳು. "ಆಂಟಿ, ಕಾಫಿ ತುಂಬಾ ಚೆನ್ನಾಗಿದೆ."

ಜಲಜಾ ಕಾಲ್ಬೆರಳ ಸಂದಿಯಲ್ಲಿ ಗೋಲಿ ಕಚ್ಚಿಕೊಂಡು ಅಡಿಗೆಮನೆಯ ಕಡೆ ಹೊರಟಳು.

"ಯಾಕೆ ಕುಂಟ್ತಿದೀಯೇ?" ಎಂದಳು ವರಲಕ್ಷ್ಮಿ, ಚಪ್ಪಲಿ ರಾಶಿಯಿಂದ.

"ವಯಸ್ಸಾಯ್ತಲ್ಲ" ಎಂದಳು ಜಲಜಾ.

ವಿಜಯದಶಮಿ ಕಳೆದ ಮರುದಿನ ಬೆಳಿಗ್ಗೆ ಅವಳು ಗೊಂಬೆಗಳನ್ನು ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿ ಟ್ರಂಕಿಗೆ ಇಳಿಸುತ್ತಿದ್ದಳು. ಶೆಟ್ಟಿಯ ಹೊಟ್ಟೆಯಲ್ಲಿ ಚಿಕ್ಕದೊಂದು ಬಿರುಕಿತ್ತು. ಅವನನ್ನು ಹೆಂಡತಿಯ ಜೊತೆಗೇ ಸುತ್ತಿದಳು. ಸಂಘದ ಬಹುಮಾನದ ಸ್ಟೀಲ್ ಡಬ್ಬಿ ಟಿವಿಯ ಮೇಲೆ ಹೊಳೆಯುತ್ತಿತ್ತು. ಗೋಪೀನಾಥ ಹೊಸ ವಿಡಿಯೋ ನೋಡುತ್ತಿದ್ದ. ಅದು ಬೀಗಗಳದ್ದೋ ಬೀಸೋಕಲ್ಲಿನದೋ.

"ಎಲ್ಲಾ ಗೋಲಿ ಬಾಟ್ಲಿಗೆ ಹಾಕಿದ್ಯಾ? ಎಣಿಸ್ಕೋ" ಎಂದ ತಲೆಯೆತ್ತದೆ.

"ಹಾಕ್ದೆ ರೀ."

ಹದಿನೇಳು ಹಾಕಿದ್ದಳು. ನಾಲ್ಕು ಸೆರಗಿನ ತುದಿಯ ಗಂಟಿನಲ್ಲಿದ್ದವು. ಒಂದು ಬಿಳಿಜಾಲದ್ದು, ಮೂರು ಸಾಧಾರಣದವು. ಒಂದೇ ಗೋಲಿ ಹಿಡಿದು ಆಟಕ್ಕೆ ಯಾರೂ ಹೋಗುವುದಿಲ್ಲ.

ಮಾರೇನಹಳ್ಳಿಯ ಆ ಗಲ್ಲಿಗೆ ಕಾಂಕ್ರೀಟು ಬಿದ್ದು ಯಾವ ಕಾಲವಾಯಿತು. ಆದರೆ ಹೊಂಗೆಮರದ ಬುಡದಲ್ಲಿ ಒಂದು ಗೇಣು ಮಣ್ಣು ಉಳಿದಿದೆ, ಬಸ್ಸಿನಿಂದ ಕಂಡಿತ್ತು. ಗುಂಡಿ ತೋಡಲು ಅಷ್ಟು ಸಾಕು. ಮಂಗಳವಾರ ಮಧ್ಯಾಹ್ನ ಅಂಗಡಿಗಳಲ್ಲಿ ಗಿರಾಕಿ ಕಡಿಮೆ, ಮನೆಯಲ್ಲಿ ಇವರೂ ಒಂದು ನಿದ್ದೆ ಹೊಡೆಯುತ್ತಾರೆ. ಬಸ್ಸು ನಿಂತ ಆ ಅರ್ಧ ನಿಮಿಷದಲ್ಲಿ ಈ ಸಲ ಬ್ಯಾಗಿನಲ್ಲಿ ಹುಡುಕುವುದಕ್ಕೆ ಏನೂ ಇರುವುದಿಲ್ಲ.

"ಏನೇ ಅಷ್ಟು ಹೊತ್ತಿಂದ ಬೆರಳು ನೆಟಿಗೆ ತೆಗೀತಿದೀಯಾ?" ಎಂದ ಗೋಪೀನಾಥ.

"ಏನಿಲ್ಲ, ಹಿಡ್ಕೊಂಡಿದೆ" ಎಂದಳು ಜಲಜಾ, ಎಡಗೈಯ ನಡುಬೆರಳನ್ನು ಇನ್ನೊಮ್ಮೆ ಹಿಂದಕ್ಕೆ ಬಾಗಿಸಿ ನೋಡುತ್ತ. ಚಾನ್ಸ್ ಕೊಡುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಸೋಲುತ್ತೇನೆಂದು ಕೊಟ್ಟಿರಲಿಲ್ಲ.